ಅವ್ವ ಸಾಕಿದ ಬೂಷ್ಟು

ನಮ್ಮ ಮನೆಯಲ್ಲಿ ಯಾವುದಕ್ಕೇ ಬೂಷ್ಟು ಬರಲಿ, ಮೊದಲು ನನಗೆ ತೋರಿಸಿ ಆಮೇಲೆ ಎಸೆಯುವುದು ಪದ್ಧತಿ. ಮೊನ್ನೆ ಪೊಟ್ಟಣದ ತಳದಲ್ಲಿ ಮರೆತುಹೋಗಿದ್ದ ಎರಡು ಹೋಳು ಬ್ರೆಡ್ಡನ್ನು ನನ್ನ ಹೆಂಡತಿ ಮೂಗಿನ ಮುಂದೆ ತಂದು ಹಿಡಿದಳು. "ನೋಡ್ರಿ, ನಿಮ್ಮ ಪೈಕಿಯವರು ಬಂದಾರ" ಅಂದಳು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ನಡುವೆ ಹಸಿರು, ಅಂಚಿಗೆ ಬೂದಿ ಬಣ್ಣ, ಹಳೇ ಗೋಡೆಯ ವಾಸನೆ. "ಇದು ನಮ್ಮವರಲ್ಲ, ಒಗಿ" ಅಂದೆ. ಆಕೆ ಒಗೆದಳು. ಬಂದ ಬೀಗರ ಹುಡುಗಿಯೊಬ್ಬಳು ಇದನ್ನೆಲ್ಲ ನೋಡುತ್ತ ಕೂತಿದ್ದಳು. ಈ ಮನೆಯ ಹಿರಿಯರಿಗೆ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅಂದುಕೊಂಡಿರಬೇಕು. ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ.

ಬೂಷ್ಟಿನ ಜೊತೆ ನಮ್ಮ ಮನೆತನದ ಸಂಬಂಧ ಹಳೆಯದು. ಸಂಬಂಧ ಅಂದರೆ ವೈರ. ನಾನು ಹತ್ತು ವರ್ಷದವನಿದ್ದಾಗ ಅಪ್ಪ ತೀರಿಕೊಂಡರು. ಗದಗಿನ ಸ್ಟೇಷನ್ ಹತ್ತಿರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವ್ವ ಉಪ್ಪಿನಕಾಯಿ ಹಾಕಿ, ಹಪ್ಪಳ ಸಂಡಿಗೆ ಮಾಡಿ ನಾಲ್ಕಾರು ಮನೆಗಳಿಗೆ ಕೊಟ್ಟು ನಮ್ಮನ್ನು ಬೆಳೆಸಿದಳು. ಹಾಗಾಗಿ ನಮ್ಮ ಮನೆಯಲ್ಲಿ ಕಳ್ಳಕಾಕರಿಗಿಂತ ಹೆಚ್ಚಿನ ಭಯ ಬೂಷ್ಟಿನದು. ಅವ್ವ ಅದಕ್ಕೆ ಬೂಸರ ಅನ್ನುತ್ತಿದ್ದಳು. ಉಪ್ಪಿನಕಾಯಿ ಹಾಕುವ ದಿನ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಬಾಯಿಂದ ಹನಿ ಹಾರಿದರೆ ಬೂಸರ. ಸೀನುವಂತಿಲ್ಲ. ಕಿಟಕಿ ತೆರೆಯುವಂತಿಲ್ಲ, ಗಾಳಿಗೆ ಬೂಸರ. ಸೌಟನ್ನು ಒಲೆಯ ಉರಿಯ ಮೇಲೆ ಹಿಡಿದು ಆರಿಸಿದ ಮೇಲೇ ಭರಣಿಗೆ ಇಳಿಸಬೇಕು. ಹನ್ನೊಂದು ವರ್ಷದವನಿದ್ದಾಗ ನಾನೊಮ್ಮೆ ಒದ್ದೆ ಕೈ ಹಾಕಿ ಒಂದು ಮಾವಿನ ಹೋಳು ಕದ್ದಿದ್ದೆ. ನಾಲ್ಕನೇ ದಿನ ಭರಣಿಯ ಮೇಲೆ ಬಿಳೀ ನೂಲಿನಂಥದು ಕಾಣಿಸಿಕೊಂಡಿತು. ಅವ್ವ ಭರಣಿಯನ್ನು ಹೊರಗೆ ತಂದಿಟ್ಟು, ಯಾರನ್ನೂ ಏನೂ ಕೇಳದೆ, ಸುಮ್ಮನೆ ಅದರ ಮುಂದೆ ಕೂತಳು. ಅರ್ಧ ತಾಸಿನಲ್ಲಿ ನಾನು ಅಳುತ್ತ ತಪ್ಪೊಪ್ಪಿಕೊಂಡೆ. ಅವ್ವ ಹೊಡೆಯಲಿಲ್ಲ. "ಕೈ ಒದ್ದಿ ಇದ್ರ ಸುಳ್ಳು ಮುಚ್ಚಿಡಲಿಕ್ಕೆ ಬರೂದಿಲ್ಲ, ಗುರ್ಯಾ" ಅಂದಳು, ಅಷ್ಟೇ.

ಇಂಥ ಮನೆಯಲ್ಲಿ ಹುಟ್ಟಿದ ಗುರುನಾಥನೆಂಬ ನಾನು ಎಂಬತ್ತರ ದಶಕದ ನಡುವೆ ನಾಗಪುರದಲ್ಲಿ ಒಂದು ಬೇಸಿಗೆ ಪೂರ್ತಿ ಬೂಷ್ಟು ಕಾಯುವ ಕೆಲಸ ಮಾಡಿದೆ.

ಆಗ ನಾನು ಅಲ್ಲಿಯ ಒಂದು ಕಲ್ಲಿದ್ದಲು ಕಚೇರಿಯಲ್ಲಿ ಸ್ಟೆನೋ. ರಾಮದಾಸಪೇಠಿನಲ್ಲಿ, ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ವಾಸ. ಜೊತೆಗಾರ ರಂಗನಾಥ; ಮೈಸೂರಿನವನು, ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತ. ಅವನ ಕನ್ನಡ ನನಗೆ ಸಿಹಿ ಹೆಚ್ಚಾದ ಪಾಯಸದ ಹಾಗೆ, ನನ್ನ ಕನ್ನಡ ಅವನಿಗೆ ಖಾರ ಹೆಚ್ಚಾದ ಚಟ್ನಿಯ ಹಾಗೆ. ಇಬ್ಬರೂ ಜಗಳ ಮಾತ್ರ ಹಿಂದಿಯಲ್ಲಿ ಆಡುತ್ತಿದ್ದೆವು, ಅದು ಇಬ್ಬರಿಗೂ ಸಮನಾಗಿ ಬರುತ್ತಿರಲಿಲ್ಲವಾದ್ದರಿಂದ. ಸಂಜೆ ಹೊತ್ತು ನಾನು ಕಾಲೇಜಿನವರ ಥೀಸಿಸ್ ಟೈಪ್ ಮಾಡಿಕೊಡುತ್ತಿದ್ದೆ. ಹಾಗೆ ಪರಿಚಯವಾದವರು ವತ್ಸಲಾಬಾಯಿ.

ಪಕ್ಕದ ಗಲ್ಲಿಯಲ್ಲಿ ಒಬ್ಬರೇ ಇದ್ದರು. ಸಸ್ಯಶಾಸ್ತ್ರದ ಲೆಕ್ಚರರ್. ನಲವತ್ತೇಳು ವಯಸ್ಸು, ಮದುವೆ ಆಗಿರಲಿಲ್ಲ. ಹನ್ನೆರಡು ವರ್ಷದಿಂದ ಒಂದೇ ಪಿಎಚ್‌ಡಿ ಮಾಡುತ್ತಿದ್ದರು. ವಿಷಯ, ಆರ್ಕಿಡ್ ಗಿಡದ ಬೇರಿನೊಳಗೆ ವಾಸ ಮಾಡುವ ಬೂಷ್ಟು. ಮರಾಠಿಯಲ್ಲಿ ಬೂಷ್ಟಿಗೆ ಬುರಶಿ ಅನ್ನುತ್ತಾರೆ. ಕಾಲೇಜಿನಲ್ಲಿ ಬೆನ್ನ ಹಿಂದೆ ಅವರ ಹೆಸರು 'ಬುರಶಿಬಾಯಿ'. ಅದು ಅವರಿಗೆ ಗೊತ್ತಿತ್ತು. ಆ ಬೇರಿನ ಬೂಷ್ಟಿಗೆ ಇಂಗ್ಲಿಷಿನಲ್ಲಿ ಮೈಕೋರೈಝಾ ಅಂತ ಒಂದು ಶಬ್ದ. ಅದರಲ್ಲಿ ಆರ್ ಎರಡು, ಆಮೇಲೊಂದು ಎಚ್. ನಾನು ಒಂದು ಆರ್ ತಿಂದೋ, ಎಚ್ಚನ್ನು ಮುಂದೆ ತಂದೋ ಪ್ರತಿ ಹಾಳೆಯಲ್ಲೂ ಅದನ್ನು ಹೊಸದಾಗಿ ಹುಟ್ಟಿಸುತ್ತಿದ್ದೆ. "ಅಹೋ ಗುರುನಾಥರಾವ್, ಇವತ್ತು ಮೂರು ಹೊಸ ಜಾತಿ ಕಂಡುಹಿಡಿದಿದ್ದೀರಿ" ಎಂದು ಅವರು ಕೆಂಪು ಪೆನ್ಸಿಲ್ ಹಿಡಿದು ನಗುತ್ತಿದ್ದರು.

ಒಂದು ಸಂಜೆ ಚಹಾ ಕೊಟ್ಟು, ಒಣಗಿದ ಕಾಯೊಂದನ್ನು ಕಾಗದದ ಮೇಲೆ ತಟ್ಟಿದರು. ಟಾಲ್ಕಂ ಪುಡಿಯಂಥದು ಉದುರಿತು. ಅದೆಲ್ಲ ಬೀಜವಂತೆ, ಲೆಕ್ಕವಿಲ್ಲದಷ್ಟು. ನಾನು ಹತ್ತಿರ ಬಗ್ಗಿ ಉಸಿರು ಬಿಟ್ಟೆ; ಅರ್ಧ ಕಾಡು ಹಾರಿಹೋಯಿತು. ವತ್ಸಲಾಬಾಯಿ ಬೈಯಲಿಲ್ಲ. "ಕಡಲೆ ಕಾಳು ನೋಡಿ, ಹೆಸರು ಕಾಳು ನೋಡಿ, ತಾಯಿ ಬುತ್ತಿ ಕಟ್ಟಿ ಕಳಿಸಿರುತ್ತಾಳೆ" ಎಂದರು. "ಮೊಳಕೆ ಒಡೆಯುವ ತನಕ ಆ ಬುತ್ತಿ ಸಾಕು. ಆರ್ಕಿಡ್ ಬೀಜಕ್ಕೆ ಬುತ್ತಿಯೇ ಇಲ್ಲ. ಗಾಳಿಗೆ ಬಿಟ್ಟುಬಿಡುತ್ತಾಳೆ, ಹೋಗು ಅಂತ. ಎಲ್ಲೋ ಮರದ ತೊಗಟೆಯ ಮೇಲೆ ಬಿದ್ದಾಗ, ಅಲ್ಲಿ ತನಗೆ ಹೊಂದುವ ಬುರಶಿ ಇದ್ದರೆ, ಅದು ಬೀಜದೊಳಗೆ ಹೊಕ್ಕು ಉಣ್ಣಿಸಿದರೆ, ಬದುಕುತ್ತದೆ. ಇಲ್ಲದಿದ್ದರೆ ಧೂಳು."

ಉಮರೇಡ್ ಕಡೆ ಹಿಪ್ಪೆ ಮರಗಳ ಕೊಂಬೆಯಲ್ಲಿ ಕಂದು ಬಣ್ಣದ ಹೂ ಬಿಡುವ ಒಂದು ಆರ್ಕಿಡ್ ಇತ್ತು. ಅದರ ಬೇರು ತಂದು, ಅದರೊಳಗಿನ ಹತ್ತಾರು ಬೂಷ್ಟುಗಳನ್ನು ಬೇರೆ ಬೇರೆ ಮಾಡಿ, ಯಾವುದು ಆ ಬೀಜವನ್ನು ಮೊಳೆಯಿಸುತ್ತದೆ ಎಂದು ಮೂರು ವರ್ಷ ಹುಡುಕಿ, ಕೊನೆಗೆ ಒಂದನ್ನು ಹಿಡಿದಿದ್ದರು. ಅದು ಹಾಲಿನ ಕೆನೆಯ ಬಣ್ಣದ್ದು. ಅದರ ಜೊತೆ ಬೀಜ ಬಿತ್ತಿ, ಮೊಳೆಯುವುದನ್ನು ತೋರಿಸುವುದೇ ಥೀಸಿಸಿನ ಕೊನೆಯ ಅಧ್ಯಾಯ. "ಇನ್ನೊಮ್ಮೆ ಬೇರು ಬೇಕಾದರೆ ಅದೇ ಮರಗಳಿಗೆ ಹೋಗಬಹುದಲ್ಲ?" ಎಂದು ಕೇಳಿದೆ. "ಹೋಗಿದ್ದೆ. ಆ ಜಾಗ ಗಣಿಗೆ ಹೋಯಿತು, ಮರ ಇಲ್ಲ" ಎಂದರು. ನಾನು ಚಹಾದ ಬಸಿಯನ್ನು ನೋಡುತ್ತ ಕೂತೆ. ಹೋದ ವರ್ಷ ಆಫೀಸಿನಲ್ಲಿ ಗಣಿಗಾಗಿ ಕಡಿಯಬೇಕಾದ ಮರಗಳ ಪಟ್ಟಿಯೊಂದನ್ನು ಮೂರು ಪ್ರತಿ ಟೈಪ್ ಮಾಡಿದ್ದೆ. ಹಿಪ್ಪೆ ಇಷ್ಟು, ತೇಗ ಇಷ್ಟು. ಅದರಲ್ಲಿ ಒಂದೂ ತಪ್ಪಿರಲಿಲ್ಲ, ಸಾಹೇಬರು ಹೊಗಳಿದ್ದರು.

ಅದಕ್ಕೇ ಇರಬೇಕು, ಏಪ್ರಿಲ್ ತಿಂಗಳಲ್ಲಿ ಅವರು ಬಂದು ಕೇಳಿದಾಗ ನಾನು ಇಲ್ಲ ಅನ್ನಲಾಗಲಿಲ್ಲ. ಅಕೋಲಾದಲ್ಲಿದ್ದ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎರಡು ತಿಂಗಳು ಅಲ್ಲೇ ಇರಬೇಕು. ಕಾಲೇಜಿಗೆ ರಜೆ, ಪ್ರಯೋಗಾಲಯಕ್ಕೆ ಬೀಗ, ಕರೆಂಟ್ ಬಂದ್. ನಾಗಪುರದ ಬೇಸಿಗೆ ನಿಮಗೆ ಗೊತ್ತಲ್ಲ. ಹೊರಗೆ ಹೋಗುವವರು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡು ಹೋಗುತ್ತಾರೆ, ಬಿಸಿಗಾಳಿ ಬಡಿಯದಿರಲಿ ಅಂತ. ಆ ಬಿಸಿಗೆ ಬೂಷ್ಟು ಸತ್ತೇ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಕೂಲರ್ ಇತ್ತು. ಆರು ಗಾಜಿನ ನಳಿಗೆಗಳನ್ನು, ಬಾಯಿಗೆ ಹತ್ತಿ ತುರುಕಿದ್ದನ್ನು, ನನ್ನ ಕೈಗಿಟ್ಟರು. ಒಳಗೆ ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಚೈನಾ ಗ್ರಾಸ್ ಹಾಕಿ ಹೆಪ್ಪುಗಟ್ಟಿಸಿದ ಪಾಕ. ಅದರ ಮೇಲೆ ತೆಳ್ಳಗೆ ಕೆನೆಬಣ್ಣದ ಬೂಷ್ಟು. ಇನ್ನೂ ಆರು ಬರೀ ಪಾಕದ ನಳಿಗೆಗಳು ಬಿಸ್ಕೀಟಿನ ಡಬ್ಬಿಯಲ್ಲಿ ಬೇರೆ, ಒಂದು ಸೂಜಿ, ಒಂದು ಸ್ಪಿರಿಟ್ ದೀಪ, ಸೂಚನೆಗಳ ಒಂದು ಹಾಳೆ. ಹಾಳೆ ನಾನೇ ಟೈಪ್ ಮಾಡಿದ್ದು. "ತಂಪಾಗಿಡಿ, ಅಲುಗಿಸಬೇಡಿ, ವಾರಕ್ಕೊಮ್ಮೆ ಕಾರ್ಡ್ ಬರೆಯಿರಿ" ಎಂದು ಹೇಳಿ ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ನಳಿಗೆಗಳನ್ನು ಇನ್ನೊಮ್ಮೆ ನೋಡಿಕೊಂಡು ಹೋದರು.

"ಏನಯ್ಯಾ ಇದು? ಜನ ನಾಯಿ ಸಾಕ್ತಾರೆ, ಗಿಳಿ ಸಾಕ್ತಾರೆ, ನೀನು ಕಾಯಿಲೆ ಸಾಕ್ತಿದೀಯಲ್ಲ" ಎಂದ ರಂಗನಾಥ. ಆದರೂ ಕೂಲರಿಗೆ ನೀರು ತುಂಬುವಾಗ ಎರಡು ಕೊಡ ಹೆಚ್ಚಿಗೇ ತರತೊಡಗಿದ.

ಇದೇ ಹೊತ್ತಿಗೆ ಗದಗಿನಿಂದ ಅವ್ವನ ಕಾಗದ ಬಂತು. ಹುಬ್ಬಳ್ಳಿಯಲ್ಲಿ ಒಂದು ಹುಡುಗಿ ಇದೆ, ಮೇ ತಿಂಗಳಲ್ಲಿ ರಜೆ ಹಾಕಿ ಬಾ ಅಂತ. ನನಗೆ ಹುಡುಗಿ ನೋಡುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹಿಂದೊಮ್ಮೆ ಹೋದಾಗ, ಹಿರಿಯರು "ಏನಾದ್ರೂ ಕೇಳೋದಿದ್ರ ಕೇಳಪಾ" ಅಂದದ್ದಕ್ಕೆ ಗಾಬರಿಯಾಗಿ ಆ ಹುಡುಗಿಗೆ "ನಿಮ್ಮ ಟೈಪಿಂಗ್ ಸ್ಪೀಡ್ ಎಷ್ಟು?" ಎಂದು ಕೇಳಿಬಿಟ್ಟಿದ್ದೆ. ಆ ಸಂಬಂಧ ಅಲ್ಲಿಗೇ ನಿಂತಿತು. ಈ ಸಲ ನನಗೆ ಒಳ್ಳೇ ನೆಪ ಸಿಕ್ಕಿತ್ತು. 'ಕಾಲೇಜಿನವರು ಒಂದು ದೊಡ್ಡ ಜವಾಬ್ದಾರಿ ಒಪ್ಪಿಸಿದ್ದಾರೆ, ಜೂನ್ ತನಕ ಊರು ಬಿಡುವಂತಿಲ್ಲ' ಎಂದು ಬರೆದೆ. ಬೂಷ್ಟು ಎಂಬ ಮಾತು ಬರೆಯಲಿಲ್ಲ. ಬರೆದರೆ ಅವ್ವ ಏನು ತಿಳಿದಾಳು ಎಂದು ನನಗೆ ಗೊತ್ತಿತ್ತು.

ಅಕೋಲಾಕ್ಕೆ ವಾರವಾರ ಕಾರ್ಡ್ ಬರೆದೆ. ಮೊದಲ ಎರಡು ಕಾರ್ಡಿನಲ್ಲಿ 'ಎಲ್ಲ ಕ್ಷೇಮ'. ನಳಿಗೆಗಳನ್ನು ಕೂಲರಿನ ಎದುರಿಗೇ, ಗಾಳಿ ನೇರ ಬಡಿಯುವ ಹಾಗೆ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದೆ. ಮೂರನೇ ವಾರ ನೋಡುತ್ತೇನೆ, ಎಂಥ ಬೆಳವಣಿಗೆ! ತೆಳ್ಳಗಿದ್ದದ್ದು ಮಖಮಲ್ಲಿನ ಹಾಗೆ ದಟ್ಟವಾಗಿತ್ತು. ಹಿಗ್ಗಿನಿಂದ ಬರೆದೆ: 'ಕೂಲರಿನ ತಂಪಿಗೆ ಬುರಶಿ ಬಹಳ ಚೆನ್ನಾಗಿ ಬೆಳೆದಿದೆ. ಈಗ ಹಸಿರಾಗಿ, ಸೊಂಪಾಗಿ ಕಾಣುತ್ತಿದೆ. ನಿಶ್ಚಿಂತರಾಗಿರಿ.'

ಆ ಕಾರ್ಡನ್ನು ಡಬ್ಬಕ್ಕೆ ಹಾಕಿದ ಎರಡನೇ ದಿನ ಅವ್ವ ಬಂದಿಳಿದಳು.

ತಂತಿ ಇಲ್ಲ, ಕಾಗದ ಇಲ್ಲ. ಎರಡು ಕಡೆ ಗಾಡಿ ಬದಲಿಸಿ, ಬಗಲಲ್ಲಿ ಉಪ್ಪಿನಕಾಯಿ ಭರಣಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು, ರಿಕ್ಷಾದವನಿಗೆ ಗದಗಿನ ಕನ್ನಡದಲ್ಲೇ ವಿಳಾಸ ಹೇಳಿ ಬಂದು ಬಾಗಿಲಲ್ಲಿ ನಿಂತಿದ್ದಳು. ನೀರು ಕುಡಿದು, ಕಾಲು ಚಾಚಿ ಕೂತು ಕೇಳಿದಳು: "ಎಲ್ಲದ ನಿನ್ನ ಜವಾಬ್ದಾರಿ? ತೋರಿಸು."

ನಾನು ಕಿಟಕಿಯ ಹಲಗೆ ತೋರಿಸಿದೆ. ಅವ್ವ ಎದ್ದು ಹೋಗಿ, ಮುಟ್ಟದೆ, ಬಗ್ಗಿ ನೋಡಿದಳು. ತಿರುಗಿ ನನ್ನನ್ನು ನೋಡಿದಳು.

"ಗುರ್ಯಾ, ಇದು ಬೂಸರ."

"ಹೌದವ್ವಾ. ಅದನ್ನ ಕಾಯೋದೇ ಕೆಲಸ."

ರಂಗನಾಥ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ಬೀಜದ ಕಥೆ, ಬುತ್ತಿಯಿಲ್ಲದ ಕಥೆ, ಹನ್ನೆರಡು ವರ್ಷದ ಕಥೆ, ಕಡಿದುಹೋದ ಮರದ ಕಥೆ, ಎಲ್ಲ ಹೇಳಿದೆ. ಪಟ್ಟಿ ಟೈಪ್ ಮಾಡಿದ್ದನ್ನೂ ಹೇಳಿದೆ. ಅವ್ವನ ಮುಂದೆ ನನಗೆ ಮುಚ್ಚಿಡಲು ಬರುವುದಿಲ್ಲ. ಈಗ ಇದನ್ನೆಲ್ಲ ಬಚ್ಚಲಿಗೆ ಸುರಿಯುತ್ತಾಳೆ ಎಂದು ಕಾದೆ. ಅವ್ವ ಕೇಳಿದ್ದು ಬೇರೆ.

"ಬಾಯಾರು ಕೊಟ್ಟಾಗ ಯಾವ ಬಣ್ಣ ಇತ್ತು?"

"ಕೆನೆ ಬಣ್ಣ."

"ಮತ್ತ ಇದು ಹಸರ ಅದಲ್ಲೋ! ಇದು ನಿಂಬಿಕಾಯಿ ಮ್ಯಾಲೆ ಬರೂದು. ಅವರ ಕೂಸನ್ನ ಕೊಂದು ಯಾವುದೋ ಬೀದಿ ಕೂಸನ್ನ ಹಾಲು ಹಾಕಿ ಬೆಳಸೀದಿ, ಮಳ್ಳಾ."

ಅವ್ವ ಮೂಗು ಮುಂದೆ ಮಾಡಿ ಕೋಣೆಯೆಲ್ಲ ಮೂಸಿದಳು. ಕೂಲರಿನ ಹತ್ತಿರ ನಿಂತು, ಅದರ ಬಗಲಿನ ಹುಲ್ಲಿನ ಪರದೆಗೆ ಕೈ ಹಚ್ಚಿ ತೋರಿಸಿದಳು. ವರ್ಷಗಟ್ಟಲೆ ತೊಯ್ದು ತೊಯ್ದು ಆ ಹುಲ್ಲಿಗೇ ಹಸಿರು ಬೂಷ್ಟು ಹಿಡಿದಿತ್ತು. ಹಗಲಿಡೀ ಅದರ ಪುಡಿಯನ್ನು ಕೂಲರು ನಳಿಗೆಗಳ ಮೇಲೆ ಊದಿತ್ತು. ಹತ್ತಿ ಹಸಿಯಾಗಿತ್ತು, ಬೂಷ್ಟು ಅದರೊಳಗಿಂದ ಇಳಿದಿತ್ತು. ನಾನು ತಂಪು ಅಂದುಕೊಂಡದ್ದು ಅದನ್ನು.

ಐದು ನಳಿಗೆ ಹೋಗಿದ್ದವು. ಆರನೆಯದು ಸಾಲಿನ ಕೊನೆಗೆ, ರಂಗನಾಥನ ಗಡಿಯಾರದ ಮರೆಗೆ ಇತ್ತು. ಅದರ ಹತ್ತಿ ಒಣಗಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಇದೊಂದು ಉಳದದ. ಕೆನಿಯಂಗೇ ಅದ. ಆದ್ರ ಅಂಚು ಒಣಗಲಿಕ್ಕತ್ತದ, ಇದಕ್ಕ ಉಣ್ಣಲಿಕ್ಕೆ ಸಾಲವಲ್ದು. ಮುಂದೇನು ಮಾಡಬೇಕಂತ ಬರದಾರ?"

ಸೂಚನೆಯ ಹಾಳೆ ತೆಗೆದು ಕನ್ನಡ ಮಾಡಿ ಓದಿದೆ. ಹಳೆಯ ನಳಿಗೆಯಿಂದ ಸಾಸಿವೆ ಕಾಳಿನಷ್ಟು ತುಣುಕು ತೆಗೆದು ಹೊಸ ಪಾಕದ ಮೇಲೆ ಇಡಬೇಕು. ಸೂಜಿಯನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಬೇಕು. ನಳಿಗೆಯ ಬಾಯನ್ನು ಉರಿಗೆ ತೋರಿಸಬೇಕು. ಕೈ ತೊಳೆದು ಒಣಗಿಸಿರಬೇಕು. ಗಾಳಿ ಆಡಬಾರದು. ಆ ಹೊತ್ತು ಮಾತಾಡಬಾರದು.

ಅವ್ವನಿಗೆ ನಗು ಬಂತು. "ಇದರಾಗ ಹೊಸಾದೇನದ? ಇದನ್ನ ಕಲೀಲಿಕ್ಕೆ ಕಾಲೇಜ್ ಬೇಕಾತೇನು?"

"ಅವ್ವಾ, ನಿನಗೆ ಬೂಸರ ಅಂದ್ರ ಆಗೂದಿಲ್ಲಲ್ಲ..."

"ಆಗೂದಿಲ್ಲ. ಹದಿನೇಳು ವರ್ಷ ಅದು ಬರಬಾರದು ಅಂತ ಕಾದೀನಿ. ಬರೂದು ಹ್ಯಾಂಗ ಅಂತ ನನಗಿಂತ ಯಾರಿಗೆ ಗೊತ್ತು?"

ಮರುದಿನ ಬೆಳಿಗ್ಗೆ ಅವ್ವ ತಲೆಗೆ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಬಂದಳು. ಕಿಟಕಿ ಬಾಗಿಲು ಹಾಕಿಸಿದಳು. ಕೂಲರ್ ಬಂದ್, ಫ್ಯಾನ್ ಬಂದ್. ನಾಗಪುರದ ಮೇ ತಿಂಗಳು. ನಾನೂ ರಂಗನಾಥನೂ ಗೋಡೆಗೆ ಅಂಟಿಕೊಂಡು ಉಸಿರು ಹಿಡಿದು ನಿಂತಿದ್ದೆವು, ಬೆವರು ಹನಿಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಮೊದಲು ನಾನೇ ಮಾಡಲು ಹೋದೆ. ಸೂಜಿ ಗಾಜಿಗೆ ಟಿಣ್ ಟಿಣ್ ಬಡಿಯಿತು. ಅವ್ವ ಮಾತಾಡದೆ ಸೂಜಿ ಕಸಿದುಕೊಂಡಳು. ಕಾಯಿಸಿದಳು, ಆರಿಸಿದಳು, ಎರಡು ಬೆರಳಿನ ನಡುವೆ ಹತ್ತಿಯನ್ನು ಹಿಡಿದುಕೊಂಡೇ ಒಂದು ತುಣುಕು ಎತ್ತಿ ಹೊಸ ನಳಿಗೆಯಲ್ಲಿಟ್ಟಳು. ಹಾಗೆ ಆರು ಸಲ. ಒಂದು ಸಲವೂ ಕೈ ಅಲುಗಲಿಲ್ಲ. ಕಡೆಯ ಹತ್ತಿ ಮುಚ್ಚುತ್ತಲೇ ರಂಗನಾಥ ಬಾಗಿಲು ತೆಗೆದು ಹೊರಗೆ ಓಡಿ, ಕಟ್ಟೆಯ ಮೇಲೆ ನಿಂತು ಹನ್ನೊಂದು ಸೀನು ಸೀನಿದ. ಪಾಪ, ಅಷ್ಟೂ ಹೊತ್ತು ತಡೆದುಕೊಂಡಿದ್ದ.

ಇನ್ನು ಇಡುವುದೆಲ್ಲಿ? ಅವ್ವ ತಾನು ತಂದ ಭರಣಿಯ ಉಪ್ಪಿನಕಾಯಿಯನ್ನೆಲ್ಲ ನಮ್ಮ ಸ್ಟೀಲಿನ ಡಬ್ಬಿಗೆ ಸುರಿದು, ಭರಣಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿದಳು. ಪೇಟೆಯಿಂದ ಅಗಲ ಬಾಯಿಯ ಒಂದು ಮಣ್ಣಿನ ಮಡಕೆ ತರಿಸಿ, ಅದರಲ್ಲಿ ಮರಳು ತುಂಬಿ, ನಡುವೆ ಭರಣಿ ಹುಗಿದು, ಮರಳಿಗೆ ನೀರು ಹನಿಸಿದಳು. ಆ ಒಣ ಬಿಸಿಲಿನೂರಿನಲ್ಲಿ ಮರಳಿನ ನೀರು ಆರಿದಷ್ಟೂ ಒಳಗೆ ತಂಪು. ಭರಣಿಗೆ ಗಾಜಿನ ಲೇಪವಿದ್ದದ್ದರಿಂದ ಒಳಗೆ ಮಾತ್ರ ಒಂದು ಹನಿ ಪಸೆಯಿಲ್ಲ. ಹಳೇ ನಳಿಗೆಯೂ ಹೊಸ ಆರೂ ಅದರೊಳಗೆ ಇಳಿದವು. ಡಬ್ಬಿಗೆ ಸುರಿದ ಉಪ್ಪಿನಕಾಯಿ ಕೆಡುವ ಮೊದಲು ಮುಗಿಯಬೇಕಲ್ಲ; ನಾವಿಬ್ಬರೂ ಮೂರು ಹೊತ್ತೂ ಅದನ್ನೇ ತಿಂದೆವು. ರಂಗನಾಥ ಒಂದು ದಿನ ಉಪ್ಪಿಟ್ಟಿಗೂ ಹಚ್ಚಿಕೊಂಡು ಅತ್ತ.

ಮೂರನೇ ದಿನ ಅಕೋಲಾದಿಂದ ತಂತಿ ಬಂತು. 'ಹಸಿರು ಎಸೆಯಿರಿ. ಬಿಳಿ ಉಳಿಸಿ. ವತ್ಸಲಾ.' ಅಂಚೆಯವನು ಇದೇನೋ ಎಲೆಕ್ಷನ್ನಿನ ಮಾತು ಎಂದುಕೊಂಡು ನನ್ನನ್ನು ಅನುಮಾನದಿಂದ ನೋಡಿದ. ಓದಿ ಹೇಳಿದೆ. ಅವ್ವ ಮರಳಿಗೆ ನೀರು ಹನಿಸುತ್ತ, "ಇಷ್ಟು ಹೇಳಲಿಕ್ಕೆ ತಂತಿ ಯಾಕ ಬೇಕಾಗಿತ್ತು?" ಎಂದಳು. ಆದರೆ ಸ್ವಲ್ಪ ಹೊತ್ತಿನ ಮೇಲೆ, "ಪಾಪ, ನಿನ್ನ ಕಾರ್ಡ್ ಓದಿ ಎಷ್ಟು ಹೆದರ್ಯಾರೋ. ಈಗಿಂದೀಗ ಬರಿ, ಬಿಳೇದು ಜೀವಂತ ಅದ ಅಂತ" ಎಂದು ನನ್ನನ್ನು ಪೋಸ್ಟಾಫೀಸಿಗೆ ಓಡಿಸಿದಳು.

ನನ್ನ ನೆಪ ಹಾರಿಹೋಗಿತ್ತು. "ಇದನ್ನ ನಾ ನೋಡಕೋತೀನಿ. ನೀ ಹುಬ್ಬಳ್ಳಿಗೆ ಹೋಗಿ ಹುಡುಗಿ ನೋಡಿಕೊಂಡು ಬಾ. ಸೋದರಮಾವ ಕರಕೊಂಡು ಹೋಗತಾನ" ಎಂದಳು ಅವ್ವ. ಹೋದೆ. ಅಲ್ಲಿಯ ಹಿರಿಯರೂ "ಏನಾದ್ರೂ ಕೇಳೋದಿದ್ರ ಕೇಳ್ರಿ" ಅಂದರು. ಈ ಸಲ ಟೈಪಿಂಗ್ ಸ್ಪೀಡ್ ಕೇಳಬಾರದು ಎಂಬುದೊಂದೇ ತಲೆಯಲ್ಲಿ. ಬಾಯಿಗೆ ಬಂದದ್ದು ಬೂಷ್ಟು. ಬುತ್ತಿಯಿಲ್ಲದ ಬೀಜದಿಂದ ಹಿಡಿದು ರಂಗನಾಥನ ಹನ್ನೊಂದು ಸೀನಿನ ತನಕ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹಿರಿಯರೆಲ್ಲ ಮುಖ ಮುಖ ನೋಡಿಕೊಂಡರು. ಸೋದರಮಾವ ಕಣ್ಣು ಮುಚ್ಚಿ ಕೂತಿದ್ದ. ಹುಡುಗಿ ಮಾತ್ರ ತಲೆಯೆತ್ತಿ ಕೇಳಿದಳು: "ಬೀಜಕ್ಕ ಬೂಸರಿನಿಂದ ಊಟ ಸಿಗತದ, ಖರೆ. ಬೂಸರಿಗೆ ಬೀಜದಿಂದ ಏನು ಸಿಗತದ?"

ನನಗೆ ಗೊತ್ತಿರಲಿಲ್ಲ. "ಬಾಯಾರನ್ನ ಕೇಳಿ ಪತ್ರ ಬರೀತೀನಿ" ಎಂದೆ. ಹಾಗೆ ನನಗೆ ಆಕೆಗೆ ಪತ್ರ ಬರೆಯುವ ಹಕ್ಕು ಸಿಕ್ಕಿತು. ಬ್ರೆಡ್ಡಿನ ಹೋಳು ತಂದು ತೋರಿಸುವವಳು ಇವಳೇ.

ಜೂನ್ ಎರಡನೇ ವಾರ ಮೊದಲ ಮಳೆ ಬಿದ್ದ ಮರುದಿನ ವತ್ಸಲಾಬಾಯಿ ಬಂದರು. ಸ್ಟೇಷನ್ನಿನಿಂದ ನೇರ ನಮ್ಮ ಕೋಣೆಗೆ, ಟ್ರಂಕು ರಿಕ್ಷಾದಲ್ಲೇ ಬಿಟ್ಟು. ಅವ್ವ ಭರಣಿಯ ಮುಚ್ಚಳ ತೆಗೆದು, ಒಣ ಬಟ್ಟೆಯಲ್ಲಿ ಹಿಡಿದು ಒಂದೊಂದೇ ನಳಿಗೆ ಹೊರತೆಗೆದು ಅವರ ಕೈಗಿಟ್ಟಳು. ಹೊಸ ಆರೂ ಕೆನೆಬಣ್ಣ. ವತ್ಸಲಾಬಾಯಿ ಮೊದಲು ನಳಿಗೆಗಳನ್ನು ನೋಡಿದರು, ಆಮೇಲೆ ಮರಳಿನ ಮಡಕೆ ನೋಡಿದರು, ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಅವ್ವನಿಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. "ಬುರಶಿ" ಎಂದರು ಅವರು. "ಬೂಸರ" ಎಂದಳು ಅವ್ವ. ಇಬ್ಬರೂ ತಲೆಯಾಡಿಸಿದರು. ಆಮೇಲೆ ಅವರವರ ಭಾಷೆಯಲ್ಲೇ ಒಂದು ತಾಸು ಮಾತಾಡಿದರು. ನಾನು ನಡುವೆ ಅರ್ಥ ಹೇಳಹೋದರೆ ಇಬ್ಬರೂ ಕೈ ಮಾಡಿ ಸುಮ್ಮನಾಗಿಸಿದರು.

ಬೀಜ ಬಿತ್ತಿದ್ದಾಯಿತು. ಅವ್ವನಿಗೆ ಊರಿಗೆ ಹೋಗಲು ರಿಸರ್ವೇಶನ್ ಮಾಡಿಸಿದ್ದೆ. "ಏನಾಗತದ ನೋಡೇ ಹೋಗತೀನಿ" ಎಂದು ಎರಡು ಸಲ ರದ್ದು ಮಾಡಿಸಿದಳು.

ಜುಲೈಯಲ್ಲಿ ಒಂದು ಮಧ್ಯಾಹ್ನ ವತ್ಸಲಾಬಾಯಿ ನಮ್ಮನ್ನು ಕಾಲೇಜಿಗೆ ಕರೆಸಿದರು. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜಿನ ತಟ್ಟೆಯಲ್ಲಿ ಗಸಗಸೆಗಿಂತ ಸ್ವಲ್ಪ ದೊಡ್ಡದಾದ ಹಸಿರು ಗುಂಡುಗಳು, ನೂರಾರು. ಈ ಹಸಿರು ಬೂಷ್ಟಿನದಲ್ಲ, ಗಿಡದ್ದು. ಧೂಳು ಗಿಡವಾಗಲು ಒಪ್ಪಿತ್ತು. ಅವ್ವನನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಒಂದು ಗುಂಡನ್ನು ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟರು. ಅವ್ವ ಮೊದಲು ನೋಡುವ ಕಣ್ಣನ್ನೇ ಮುಚ್ಚಿದಳು. ಆಮೇಲೆ ಸರಿಯಾದದ್ದು ತೆರೆದಳು. ಬಹಳ ಹೊತ್ತು ಅಲುಗಲಿಲ್ಲ.

"ಒಂದೊಂದು ಖೋಲಿಯೊಳಗ ಹೂಬತ್ತಿ ಹೊಸೆದು ಇಟ್ಟಂಗ ಅದ" ಎಂದಳು.

ಅದು ಬೀಜದ ಕೋಶಗಳೊಳಗೆ ಸುರುಳಿ ಸುತ್ತಿಕೊಂಡ ಬೂಷ್ಟಿನ ಎಳೆ. ಬೀಜ ಆ ಸುರುಳಿಗಳನ್ನು ಒಂದೊಂದಾಗಿ ಕರಗಿಸಿಕೊಂಡು ಉಣ್ಣುತ್ತದೆ ಎಂದರು ವತ್ಸಲಾಬಾಯಿ. ಹುಬ್ಬಳ್ಳಿಯ ಪ್ರಶ್ನೆಯನ್ನು ಆಗ ಕೇಳಿದೆ. ಬೂಷ್ಟಿಗೇನು ಸಿಗುತ್ತದೆ? ಅವರು ಕೈ ಚೆಲ್ಲಿದರು. "ಅದು ಇನ್ನೂ ಯಾರಿಗೂ ಪೂರ್ತಿ ತಿಳಿದಿಲ್ಲ. ಕೆಲವೊಮ್ಮೆ ಹೊಂದಾಣಿಕೆ ತಪ್ಪಿ ಬುರಶಿಯೇ ಬೀಜವನ್ನು ತಿಂದುಬಿಡುವುದೂ ಉಂಟು. ಹಾಗೆ ಆಗದೆ ಇದ್ದಾಗ ಯಾಕೆ ಆಗಲಿಲ್ಲ ಅನ್ನುವುದೇ ಆಶ್ಚರ್ಯ." ಅವ್ವನಿಗೆ ಅರ್ಥ ಹೇಳಿದೆ. ಅವ್ವ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ "ಹೌದು ಮತ್ತ" ಎಂದಳು, ತನಗೆ ಮೊದಲೇ ಗೊತ್ತಿದ್ದ ಮಾತಿನ ಹಾಗೆ.

ಅವ್ವ ಸ್ಟೂಲಿನಿಂದ ಇಳಿದಾಗ ವತ್ಸಲಾಬಾಯಿ ಕಪಾಟು ತೆರೆದು ಒಂದು ತಟ್ಟೆ ತಂದರು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸಕ್ಕೆಂದು ಮಡಿಸಿದ ಒಂದು ಖಣ; ಕಡುಗೆಂಪು ಮೈ, ಹಳದಿ ದಡಿ. ಉಡಿ ತುಂಬುವ ಸಾಮಾನು.

ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಮುಖ ನೋಡಿದಳು. ನಾನು ಬಾಯಿಯವರಿಗೆ ಹೇಗೆ ಹೇಳಬೇಕೋ ತಿಳಿಯದೆ, "ಅವ್ವನಿಗೆ ಇದು... ಅಪ್ಪ ಹೋದ ಮೇಲೆ ಯಾರೂ ಅವಳ ಉಡಿ ತುಂಬಿಲ್ಲ. ಮುತ್ತೈದೆಯರಿಗೆ ಮಾತ್ರ ತುಂಬುವುದು" ಎಂದೆ.

"ನನಗೆ ಗೊತ್ತು. ನಮ್ಮಲ್ಲೂ ಹಾಗೇ" ಎಂದರು ವತ್ಸಲಾಬಾಯಿ. "ಅವರಿಗೆ ಹೇಳಿ. ಉಡಿ ತುಂಬುವವಳೂ ಮುತ್ತೈದೆ ಆಗಿರಬೇಕು, ನಾನು ಮದುವೆಯೇ ಆಗದವಳು. ತುಂಬುವ ಅಧಿಕಾರ ನನಗಿಲ್ಲ, ತುಂಬಿಸಿಕೊಳ್ಳುವ ಅಧಿಕಾರ ಅವರಿಗಿಲ್ಲ. ಅಂದಮೇಲೆ ಇದರಲ್ಲಿ ತಪ್ಪು ಯಾರದೂ ಅಲ್ಲ."

ಹೇಳಿದೆ. ಅವ್ವ ತಟ್ಟೆಯನ್ನು ನೋಡುತ್ತ ನಿಂತಳು. ಹೊರಗೆ ಮಳೆ ಹಿಡಿದಿತ್ತು. ಆಮೇಲೆ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದು, ತಲೆ ತಗ್ಗಿಸಿ ಸೆರಗು ಒಡ್ಡಿದಳು. ಮೂರು ಬೊಗಸೆ ಅಕ್ಕಿ ಬಿತ್ತು. ಕಾಯಿ ಇಡುವಾಗ ಅವ್ವ ಕೆಳಗಿಂದ ವತ್ಸಲಾಬಾಯಿಯ ಕೈಗೆ ತನ್ನ ಕೈ ಕೊಟ್ಟು ಹಿಡಿದಳು.

ಮಾರನೇ ವರ್ಷ ವತ್ಸಲಾಬಾಯಿಗೆ ಪದವಿ ಬಂತು. ಆ ಶಬ್ದವನ್ನು ಕೊನೆಯ ಅಧ್ಯಾಯದಲ್ಲಿ ನಾನು ಒಂದು ಸಲವೂ ತಪ್ಪು ಟೈಪ್ ಮಾಡಲಿಲ್ಲ. ಅದಕ್ಕೂ ಮೊದಲು, ಬೂಷ್ಟು ಕಾದ ವರ್ಷದ ಡಿಸೆಂಬರಿನಲ್ಲೇ, ಹುಬ್ಬಳ್ಳಿಯಲ್ಲಿ ನನ್ನ ಮದುವೆಯಾಯಿತು. ಅವ್ವ ಎಂದಿನ ಬೂದು ಬಣ್ಣದ ಸೀರೆಯಲ್ಲೇ ಬಂದಳು. ಆದರೆ ಕುಪ್ಪಸ ಕಡುಗೆಂಪು, ಹಳದಿ ದಡಿ. ಬೀಗರ ಪೈಕಿ ಹಿರಿಯಾಕೆಯೊಬ್ಬಳು ನಾಲ್ಕು ಜನರ ಮುಂದೆಯೇ ಹುಬ್ಬೇರಿಸಿ ಕೇಳಿದಳು: "ಖಣ ಭಾಳ ಛಂದ ಅದ. ಯಾರು ಕೊಟ್ರು?"

ಮಂಟಪದಲ್ಲಿ ಕೂತ ನಾನು ಕತ್ತು ತಿರುಗಿಸಿ ನೋಡಿದೆ. ಅವ್ವ ಸೆರಗು ಸರಿಪಡಿಸಿಕೊಳ್ಳಲೂ ಇಲ್ಲ.

"ನಾಗಪುರದ ಕಾಲೇಜಿನಾಗ ಎರಡು ತಿಂಗಳು ನೌಕರಿ ಮಾಡೀನವಾ" ಎಂದಳು. "ಅಲ್ಲಿಯ ಪಗಾರ ಇದು."